ವಿದ್ಯಾರ್ಥಿಯ ಕಿರ್ದಿ ಮತ್ತು ಖಾತೆ

ಕಾಲೇಜುಗಳು ತೆರೆಯುವ ದಿನಗಳಲ್ಲಿ ಪೇಟೆಯ ಕಾಗದದ ಅಂಗಡಿಯ ಮುಂದೆ ಅರ್ಧ ಗಳಿಗೆ ನಿಂತು ನೋಡಿದರೆ ಮನಸ್ಸಿಗೆ ವಿನೋದವೂ ವ್ಯಥೆಯೂ ಏಕಕಾಲದಲ್ಲಿ ಉಂಟಾಗುವುವು. ಹೊಸದಾಗಿ ತರಗತಿಗೆ ಸೇರಿದ ಹುಡುಗರು, ಹುಡುಗಿಯರು, ಅವರ ಬೆನ್ನಿಗೆ ನಿಂತ ತಂದೆತಾಯಿಗಳು, ಎಲ್ಲರೂ ಟಿಪ್ಪಣಿ ಪುಸ್ತಕದ ವಿಷಯದಲ್ಲಿ ಮಹಾಪರೀಕ್ಷಕರಾಗಿರುವರು. ಗೆರೆಯುಳ್ಳದ್ದೆ, ಇಲ್ಲದ್ದೆ, ಹೊಲಿದದ್ದೆ, ತಂತಿಯ ಸುರುಳಿಯಿಂದ ಕಟ್ಟಿದ್ದೆ, ವಿಷಯಕ್ಕೊಂದರಂತೆ ಆರು ಪುಸ್ತಕಗಳೆ, ಎಲ್ಲಕ್ಕೂ ಸೇರಿ ಒಂದೇ ದಪ್ಪ ಪುಸ್ತಕವೆ, ಇಲ್ಲವೆ ಹಾಳೆಗಳನ್ನು ಬೇಕಾದಾಗ ಸೇರಿಸಿ ಬೇಡವಾದಾಗ ತೆಗೆಯುವ ಕೋಶವೆ ಎಂದು ನಡೆಯುವ ಚರ್ಚೆಯನ್ನು ಕೇಳಿದರೆ, ವಿದ್ಯೆಯ ಭವಿಷ್ಯವೆಲ್ಲವೂ ಆ ಅಂಗಡಿಯ ಹಲಗೆಯ ಮೇಲೆಯೇ ನಿಶ್ಚಯವಾಗುವಂತೆ ತೋರುವುದು. ಇದು ವಿನೋದ. ವ್ಯಥೆ ಯಾವುದೆಂದರೆ, ಪರೀಕ್ಷೆಗಳು ಮುಗಿದ ವಾರದಲ್ಲಿ ಅವೇ ಪುಸ್ತಕಗಳು ಅದೇ ಪೇಟೆಯ ಇನ್ನೊಂದು ಅಂಗಡಿಯಲ್ಲಿ ತಕ್ಕಡಿಯ ಮೇಲೆ ಕುಳಿತಿರುವುದು.

ಯಾವ ಪುಸ್ತಕವನ್ನು ಕೊಳ್ಳಬೇಕೆಂಬ ಪ್ರಶ್ನೆ ಅಲ್ಪವಾದುದಲ್ಲ. ಆದರೆ ಅದಕ್ಕೆ ಹಿಂದೆ ಇನ್ನೊಂದು ಪ್ರಶ್ನೆಯುಂಟು: ಗುರುಗಳ ಬಾಯಿಂದ ಬಂದ ಮಾತು ನಮ್ಮ ಪುಸ್ತಕಕ್ಕೆ ಯಾವ ಕ್ರಮದಲ್ಲಿ ಬರುತ್ತದೆ, ಅಲ್ಲಿಂದ ನಮ್ಮ ಬುದ್ಧಿಗೆ ಯಾವ ಕ್ರಮದಲ್ಲಿ ಹೋಗಬೇಕು? ಈ ಎರಡನೆಯ ಪ್ರಶ್ನೆಗೆ ಉತ್ತರ ದೊರೆತರೆ ಮೊದಲನೆಯದು ತಾನಾಗಿಯೇ ಬಗೆಹರಿಯುವುದು. ಇದಕ್ಕೊಂದು ಚರಿತ್ರೆಯಿದೆ, ಆ ಚರಿತ್ರೆ ವಿದ್ಯಾಪೀಠದಲ್ಲಿ ಅಲ್ಲ, ವ್ಯಾಪಾರಿಯ ಗದ್ದುಗೆಯ ಮೇಲೆ ಆರಂಭವಾಗುತ್ತದೆ.

ನಮ್ಮ ವರ್ತಕರು ಕಿರ್ದಿ, ಖಾತೆ ಎಂಬ ಎರಡು ಲೆಕ್ಕದ ಪುಸ್ತಕಗಳನ್ನು ಇಡುವುದನ್ನು ವಾಚಕರೆಲ್ಲರೂ ಬಲ್ಲರು. ಕಿರ್ದಿಯೆಂದರೆ ಆಯಾ ದಿನದ ವ್ಯವಹಾರವನ್ನು ನಡೆದ ಹಾಗೆಯೇ, ನಡೆದ ಹೊತ್ತಿನಲ್ಲಿಯೇ ಬರೆದಿಡುವ ಪುಸ್ತಕ. ಅದರಲ್ಲಿ ಬೆಲ್ಲದ ಪಕ್ಕದಲ್ಲಿ ಬಟ್ಟೆ, ಬಟ್ಟೆಯ ಪಕ್ಕದಲ್ಲಿ ಬಡ್ಡಿ. ಅಲ್ಲಿ ಕಾಲವೇ ಯಜಮಾನ. ಖಾತೆಯೆಂದರೆ ಆ ಕಿರ್ದಿಯಿಂದ ಒಂದೊಂದು ಕಲಮನ್ನೂ ಎತ್ತಿ ಅದರದರ ಹೆಸರಿನ ಕೆಳಗೆ ಸೇರಿಸುವ ಪುಸ್ತಕ. ಅಲ್ಲಿ ವಿಷಯವೇ ಯಜಮಾನ. ಕಿರ್ದಿಯಿಲ್ಲದ ಖಾತೆಗೆ ಸಾಕ್ಷಿಯಿಲ್ಲ. ಖಾತೆಯಿಲ್ಲದ ಕಿರ್ದಿಯಿಂದ ಪ್ರಯೋಜನವಿಲ್ಲ. ಈ ಸಂಪ್ರದಾಯ ನಮ್ಮಲ್ಲಿ ಮಾತ್ರವೇ ಇದ್ದುದಲ್ಲ. ಇಟಲಿಯ ಲೂಕಾ ಪಾಚಿಯೋಲಿ ಎಂಬ ಸನ್ಯಾಸಿಯು 1494ರಲ್ಲಿ ವೆನಿಸ್ ನಗರದಲ್ಲಿ ಮುದ್ರಿಸಿದ ಗಣಿತ ಗ್ರಂಥದಲ್ಲಿ ವೆನಿಸ್ಸಿನ ವರ್ತಕರ ಪದ್ಧತಿಯನ್ನು ವಿವರಿಸುತ್ತ, ಮೂರು ಪುಸ್ತಕಗಳು ಬೇಕೆಂದು ಹೇಳಿದನು: ಒಡನೆಯೇ ಗೀಚಿಡುವ ನೆನಪಿನ ಪುಸ್ತಕ, ಅದನ್ನು ತಿದ್ದಿ ಬರೆಯುವ ದಿನವಹಿ, ಕೊನೆಗೆ ಹೆಸರು ಹೆಸರಾಗಿ ವಿಂಗಡಿಸಿದ ದೊಡ್ಡ ಖಾತೆ. ಈ ಖಾತೆಗೆ ಅವನು ಕೊಟ್ಟ ಹೆಸರು ‘ಕ್ವಾದೆರ್ನೊ’. ಇಂದು ಇಟಲಿಯ ಶಾಲೆಯ ಮಕ್ಕಳು ತಮ್ಮ ಟಿಪ್ಪಣಿ ಪುಸ್ತಕವನ್ನು ಕರೆಯುವುದೂ ಇದೇ ಹೆಸರಿನಿಂದ. ವರ್ತಕನ ವಹಿಯೂ ವಿದ್ಯಾರ್ಥಿಯ ವಹಿಯೂ ದಾಯಾದಿಗಳೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಮ್ಮ ನಾಡಿನಲ್ಲಿ ಕಾಗದವು ಸುಲಭವಾಗುವುದಕ್ಕೆ ಮುಂಚೆ ಲೆಕ್ಕಕ್ಕೂ ದಾಖಲೆಗೂ ಕಡತವೆಂಬ ವಿಚಿತ್ರವಾದ ಪುಸ್ತಕವಿದ್ದಿತು. ಬಟ್ಟೆಯ ಎರಡು ಮಗ್ಗುಲಿಗೂ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಕತ್ತರಿಸದೆಯೇ ಸಮನಾದ ಮಡಿಕೆಗಳಾಗಿ ಮಡಿಸಿ, ಎರಡು ಕೊನೆಗಳಿಗೂ ಮರದ ಹಲಗೆಗಳನ್ನು ಅಂಟಿಸಿದರೆ ಕಡತವಾಯಿತು. ಅದರ ಮೇಲೆ ಬಳಪದಿಂದ ಬಿಳಿಯ ಅಕ್ಷರಗಳನ್ನು ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟರ ಕೆಲಸವನ್ನು ನೋಡಿಕೊಂಡಿದ್ದ ಮಾರ್ಕ್ ವಿಲ್ಕ್ಸ್ ಎಂಬಾತನು 1810ರಲ್ಲಿ ಪ್ರಕಟಿಸಿದ ದಕ್ಷಿಣ ಹಿಂದೂಸ್ಥಾನದ ಚರಿತ್ರೆಯಲ್ಲಿ ಇದನ್ನು ವರ್ಣಿಸಿ, ಬಟ್ಟೆಯ ಅಗಲ 8 ಅಂಗುಲದಿಂದ ಒಂದು ಅಡಿಯವರೆಗೂ ಉದ್ದ 12ರಿಂದ 18 ಅಡಿಯವರೆಗೂ ಇರುತ್ತಿದ್ದಿತೆಂದು ಹೇಳಿದ್ದಾನೆ. ಬರೆದುದನ್ನು ಬಟ್ಟೆಯಿಂದ ಒರಸಿ ಮತ್ತೆ ಬರೆಯಬಹುದಾಗಿತ್ತು. ಒರಸದೆ ಜೋಪಾನವಾಗಿಟ್ಟರೆ ತಲೆಮಾರುಗಳವರೆಗೆ ನಿಲ್ಲುತ್ತಿದ್ದಿತು. ಶೃಂಗೇರಿಯ ಮಠದ ಕಡತಗಳು ಚರಿತ್ರಕಾರರಿಗೆ ಪ್ರಸಿದ್ಧವಾದುವು. ಒಂದೇ ವಸ್ತುವು ಅಳಿಸುವ ಹಲಗೆಯೂ ಉಳಿಸುವ ಪುಸ್ತಕವೂ ಆಗಿದ್ದುದು ಗಮನಿಸತಕ್ಕ ಸಂಗತಿ. ಯಾವುದನ್ನು ಒರಸಬೇಕು, ಯಾವುದನ್ನು ಉಳಿಸಬೇಕು ಎಂಬ ವಿವೇಕ ಮಾತ್ರ ಬರೆಯುವವನದಾಗಿತ್ತು. ಕಡತ ಹೋಗಿ ಕಾಗದ ಬಂದರೂ ಸರ್ಕಾರಿ ಕಚೇರಿಗಳಲ್ಲಿ ಹೆಸರು ಉಳಿದಿದೆ. ವಿದ್ಯಾರ್ಥಿಗೆ ಆ ವಿವೇಕದ ಹೊರೆಯೂ ಉಳಿದಿದೆ.

ಇನ್ನು ವಿದ್ಯಾರ್ಥಿಗಳ ಕಡೆಗೆ ಬರೋಣ. 1661ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಐಸಾಕ್ ನ್ಯೂಟನ್ ಎಂಬ ಹದಿನೆಂಟು ವರ್ಷದ ಹಳ್ಳಿಯ ಹುಡುಗನು ಕೇಂಬ್ರಿಜ್ ನಗರದ ಟ್ರಿನಿಟಿ ಕಾಲೇಜಿಗೆ ಸೇರಿದನು. ಅವನು ಬಂದ ಹೊಸದರಲ್ಲಿ ಕೊಂಡ ಸಾಮಾನುಗಳ ಲೆಕ್ಕ ಅವನ ಕೈಬರಹದಲ್ಲಿಯೇ ಉಳಿದಿದೆ: ಮೇಜಿಗೊಂದು ಬೀಗ, ಮಸಿಯ ಸೀಸೆ ಮತ್ತು ಅದನ್ನು ತುಂಬುವಷ್ಟು ಮಸಿ, ಒಂದು ಪೌಂಡು ಮೇಣದ ಬತ್ತಿ, ಒಂದು ಟಿಪ್ಪಣಿ ಪುಸ್ತಕ. ಇಂದು ಊರು ಬಿಟ್ಟು ವಿದ್ಯಾರ್ಥಿನಿಲಯಕ್ಕೆ ಹೋಗುವ ನಮ್ಮ ಮಕ್ಕಳ ಪಟ್ಟಿಯೂ ಹೆಚ್ಚು ಕಡಮೆ ಹೀಗೆಯೇ ಇರುವುದಷ್ಟೆ.

ಆ ಕಾಲದ ಪುಸ್ತಕಗಳಲ್ಲೊಂದು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗ್ರಂಥಭಂಡಾರದಲ್ಲಿದೆ. ಅದನ್ನು ಅವನು ಎರಡು ಕಡೆಯಿಂದಲೂ ಬರೆಯಲು ತೊಡಗಿ, ಕಾಲೇಜಿನಲ್ಲಿ ನಿಯಮಿಸಿದ್ದ ಅರಿಸ್ಟಾಟಲನ ತರ್ಕ, ನೀತಿ ಮೊದಲಾದುವುಗಳ ಟಿಪ್ಪಣಿಗಳನ್ನು ತುಂಬಿದನು. ನಡುವೆ ಅನೇಕ ಪುಟಗಳು ಖಾಲಿಯಾಗಿ ಉಳಿದುವು. ಸುಮಾರು 1664ರಲ್ಲಿ ಅವನು ಆ ಖಾಲಿ ಪುಟಗಳಿಗೆ ಬಂದು, ‘ಕೆಲವು ತಾತ್ವಿಕ ಪ್ರಶ್ನೆಗಳು’ ಎಂಬ ಅರ್ಥದ ಲ್ಯಾಟಿನ್ ಶೀರ್ಷಿಕೆಯನ್ನಿಟ್ಟು, ಅದರ ಕೆಳಗೆ ಸುಮಾರು 45 ತಲೆಬರಹಗಳನ್ನು ಪುಟದಿಂದ ಪುಟಕ್ಕೆ ಮುಂಚಿತವಾಗಿಯೇ ಬರೆದಿಟ್ಟನು: ಕಾಲ, ಚಲನೆ, ಭಾರ, ಬಣ್ಣಗಳು, ನೆನಪು, ನಿದ್ರೆ ಮತ್ತು ಕನಸು. ಇವುಗಳ ಕೆಳಗೆ ಬಂದುದು ಉಪಾಧ್ಯಾಯರ ಪಾಠವಲ್ಲ; ತಾನು ಓದಿದ ಹೊಸ ಗ್ರಂಥಗಳಿಂದ ಎತ್ತಿದ ವಿಷಯ, ಅದರ ಮೇಲೆ ತನ್ನ ಸಂಶಯ, ಸಂಶಯವನ್ನು ಪರೀಕ್ಷಿಸಲು ತಾನೇ ಮಾಡಿದ ಪ್ರಯೋಗ. ಪುಸ್ತಕದ ಎರಡು ಅಂಚುಗಳಲ್ಲಿ ಕಾಲೇಜು ಕೊಟ್ಟ ವಿದ್ಯೆ. ನಡುವೆ ತಾನು ಕೇಳಿದ ಪ್ರಶ್ನೆ. ಮುಂದಿನ ಭೌತಶಾಸ್ತ್ರದ ಬೀಜಗಳು ಆ ನಡುವಿನ ಪುಟಗಳಲ್ಲಿವೆ.

ನ್ಯೂಟನ್ನನ ಬಳಿ ಇನ್ನೊಂದು ದೊಡ್ಡ ಪುಸ್ತಕವಿದ್ದಿತು. ಅವನ ಮಲತಂದೆಯಾದ ಬರ್ನಬಸ್ ಸ್ಮಿತ್ ಎಂಬ ಪಾದ್ರಿಯು ಧರ್ಮವಿಷಯಗಳನ್ನು ಸಂಗ್ರಹಿಸಬೇಕೆಂದು 1612ರಲ್ಲಿ ಅದನ್ನು ಮೊದಲುಮಾಡಿ, ಪುಟಪುಟಕ್ಕೂ ತಲೆಬರಹಗಳನ್ನು ಹಾಕಿ, ಬಹು ಕಡೆ ಏನನ್ನೂ ತುಂಬದೆ ತೀರಿಕೊಂಡಿದ್ದನು. ಕಾಗದವು ತುಟ್ಟಿಯಾದ ಆ ಕಾಲದಲ್ಲಿ ಮಗನು ಅದನ್ನು ವ್ಯರ್ಥಮಾಡಲಿಲ್ಲ. ಅದೇ ಪುಟಗಳಲ್ಲಿ 1664ರಿಂದ ಗಣಿತವನ್ನೂ ಚಲನಶಾಸ್ತ್ರವನ್ನೂ ಬೆಳೆಸಿದನು. ಅದಕ್ಕೆ ಅವನಿಟ್ಟ ಹೆಸರು ‘ವೇಸ್ಟ್ ಬುಕ್’. ಕಸದ ಪುಸ್ತಕವೆಂದು ಇದರ ಅರ್ಥವಲ್ಲ. ಆಂಗ್ಲ ವರ್ತಕರು ತಮ್ಮ ಕಚ್ಚಾ ಕಿರ್ದಿಯನ್ನು ಕರೆಯುತ್ತಿದ್ದ ಹೆಸರೇ ಅದು! ಹೀಗೆ ಒಬ್ಬ ಮಹಾಗಣಿತಜ್ಞನು ತನ್ನ ಕಲಿಕೆಯ ಪುಸ್ತಕಕ್ಕೆ ಅಂಗಡಿಯ ಮಾತನ್ನು ಸಂಕೋಚವಿಲ್ಲದೆ ತೆಗೆದುಕೊಂಡನು.

ತಲೆಬರಹಗಳನ್ನು ಮುಂಚಿತವಾಗಿ ಹಂಚಿಡುವ ಪದ್ಧತಿಯಲ್ಲಿ ಒಂದು ತೊಡಕುಂಟು. ಮಲತಂದೆಯ ಪುಸ್ತಕದಲ್ಲಿ ಅನೇಕ ತಲೆಬರಹಗಳು ಬರಿದಾಗಿಯೇ ಉಳಿದುವು. ಮಗನ ಪುಸ್ತಕದಲ್ಲಿ ಬಣ್ಣಗಳ ವಿಷಯವು ತನ್ನ ಪುಟಗಳಲ್ಲಿ ಹಿಡಿಸದೆ ಬೇರೆ ಕಡೆಗೆ ಹರಿದುಹೋಯಿತು. ಯಾವ ವಿಷಯ ಎಷ್ಟು ಬೆಳೆಯುವುದೆಂಬುದು ಕಲಿಯುವವನಿಗೆ ಮೊದಲೇ ತಿಳಿಯುವುದೆಂತು? ಇದಕ್ಕೊಂದು ಉಪಾಯವನ್ನು ಕಂಡುಹಿಡಿದವನು ತತ್ತ್ವಜ್ಞಾನಿಯಾದ ಜಾನ್ ಲಾಕ್. ಆಕ್ಸ್‌ಫರ್ಡಿನಲ್ಲಿದ್ದ ಕಾಲದಿಂದ ಸುಮಾರು 25 ವರ್ಷ ತಾನೇ ಬಳಸಿ ನೋಡಿದ ಮೇಲೆ, ಹಾಲೆಂಡಿನಲ್ಲಿ ದೇಶಭ್ರಷ್ಟನಾಗಿದ್ದಾಗ ಅದನ್ನು 1686ರಲ್ಲಿ ಫ್ರೆಂಚ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದನು. ಅವನು 1704ರಲ್ಲಿ ತೀರಿಕೊಂಡ ಮೇಲೆ 1706ರಲ್ಲಿ ಅದು ಇಂಗ್ಲಿಷಿನಲ್ಲಿ ಬಂದಿತು.

ಲಾಕನ ಉಪಾಯವು ಕನ್ನಡಿಗನಿಗೆ ಹೇಳಿದೊಡನೆ ಅರ್ಥವಾಗುವಂಥದು; ಏಕೆಂದರೆ ಅದು ಬಹುಮಟ್ಟಿಗೆ ನಮ್ಮ ಕಾಗುಣಿತವೇ. ಪುಸ್ತಕದ ಮೊದಲ ಎರಡು ಪುಟಗಳಲ್ಲಿ ಅಕ್ಷರಮಾಲೆಯನ್ನು ಬರೆದು, ಒಂದೊಂದು ಅಕ್ಷರದ ಮುಂದೆಯೂ ಐದು ಸ್ವರಗಳಿಗೆ ಐದು ಮನೆಗಳನ್ನು ಮಾಡಬೇಕು. ಒಂದು ವಿಷಯ ದೊರೆತಾಗ ಅದಕ್ಕೊಂದು ಹೆಸರನ್ನಿಟ್ಟು, ಆ ಹೆಸರಿನ ಮೊದಲ ಅಕ್ಷರವನ್ನೂ ಅದರ ಮುಂದೆ ಬರುವ ಮೊದಲ ಸ್ವರವನ್ನೂ ನೋಡಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ‘ಮಿತ್ರ’ ಎಂಬುದೂ ‘ಮಿತಿ’ ಎಂಬುದೂ ಮಕಾರದ ಇಕಾರದ ಮನೆಗೆ ಸೇರುವುವು. ‘ಮೋಹ’ವು ಓಕಾರದ ಮನೆಗೆ ಹೋಗುವುದು. ಆ ಮನೆಯಲ್ಲಿ ವಿಷಯವನ್ನು ಬರೆಯುವುದಿಲ್ಲ, ಪುಟದ ಸಂಖ್ಯೆಯನ್ನು ಮಾತ್ರ ಬರೆಯುವುದು. ವಿಷಯವನ್ನು ಪುಸ್ತಕದಲ್ಲಿ ಮುಂದೆ ಖಾಲಿಯಿರುವ ಜೋಡಿ ಪುಟದಲ್ಲಿ ಬರೆಯುವುದು. ಆ ಪುಟ ತುಂಬಿದರೆ ಮತ್ತೆ ಮುಂದಿನ ಖಾಲಿ ಪುಟಕ್ಕೆ ಹೋಗಿ, ಅದರ ಸಂಖ್ಯೆಯನ್ನೂ ಅದೇ ಮನೆಯಲ್ಲಿ ಸೇರಿಸುವುದು. ಹೀಗೆ ಮಾಡಿದರೆ ಯಾವ ಪುಟವೂ ಬಂಜೆಯಾಗುವುದಿಲ್ಲ. ಯಾವ ವಿಷಯಕ್ಕೂ ಜಾಗ ಸಾಲದೆ ಹೋಗುವುದಿಲ್ಲ. ಇದರ ಅನುಕೂಲವನ್ನು ಕಂಡ ಲಂಡನ್ನಿನ ಜಾನ್ ಬೆಲ್ ಎಂಬ ಪುಸ್ತಕ ವ್ಯಾಪಾರಿಯು 1770ರಲ್ಲಿ ಲಾಕನ ಕ್ರಮದಂತೆ ಗೆರೆ ಹಾಕಿದ ಖಾಲಿ ಪುಸ್ತಕಗಳನ್ನೇ ಮಾರಾಟಕ್ಕಿಟ್ಟನು. ಟಿಪ್ಪಣಿ ಪುಸ್ತಕದ ಆಯ್ಕೆ ಅಂಗಡಿಗೆ ಬಂದುದು ಹೀಗೆ.

ಆದರೆ ಲಾಕನಿಗೂ ನ್ಯೂಟನ್ನನಿಗೂ ಪುಸ್ತಕಗಳನ್ನು ಮುಂದಿಟ್ಟುಕೊಂಡು ಬಿಡುವಾಗಿ ಬರೆಯುವ ಸೌಕರ್ಯವಿದ್ದಿತು. ನಮ್ಮ ಮಕ್ಕಳ ಪಾಡು ಬೇರೆ. ಅಲ್ಲಿ ಗುರುಗಳು ಮಾತನಾಡುತ್ತಲೇ ಇರುವರು. ಮಾತು ನದಿಯಂತೆ ಹರಿದುಹೋಗುವುದು. ಬೊಗಸೆಯಲ್ಲಿ ಬಂದಷ್ಟೇ ಬಂತು. ಕಿವಿಯಿಂದ ಕೇಳಿದುದನ್ನು ಕೈಯಿಂದ ಹಿಡಿಯುವ ಕಲೆಯಲ್ಲಿ ನಮಗೆ ಗುರುವಾಗತಕ್ಕವನು, ಆಶ್ಚರ್ಯವೇನೆಂದರೆ, ಯಾವ ಕಾಲೇಜಿನ ಮೆಟ್ಟಿಲನ್ನೂ ವಿದ್ಯಾರ್ಥಿಯಾಗಿ ಹತ್ತದವನು.

ಮೈಕೇಲ್ ಫ್ಯಾರಡೆಯು 1791ರಲ್ಲಿ ಒಬ್ಬ ಬಡ ಕಮ್ಮಾರನ ಮಗನಾಗಿ ಹುಟ್ಟಿ, 1805ರಲ್ಲಿ, ಎಂದರೆ ಹದಿನಾಲ್ಕನೆಯ ವಯಸ್ಸಿನಲ್ಲಿ, ಲಂಡನ್ನಿನ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಬಳಿ ಪುಸ್ತಕ ಕಟ್ಟುವ ಕೆಲಸವನ್ನು ಕಲಿಯಲು ಏಳು ವರ್ಷದ ಕರಾರಿಗೆ ಸೇರಿದನು. ಕಟ್ಟಲು ಬಂದ ಪುಸ್ತಕಗಳನ್ನು ಓದುತ್ತ ಓದುತ್ತ ವಿಜ್ಞಾನದ ರುಚಿ ಹತ್ತಿತು. 1810ರಲ್ಲಿ ಟೇಟಮ್ ಎಂಬವರು ತಮ್ಮ ಮನೆಯಲ್ಲಿ ಸಾಯಂಕಾಲ ಕೊಡುತ್ತಿದ್ದ ಉಪನ್ಯಾಸಗಳಿಗೆ, ತಲೆಗೆ ಒಂದು ಷಿಲ್ಲಿಂಗ್ ಕೊಟ್ಟು ಹೋಗತೊಡಗಿದನು. ಹಣವನ್ನು ಕೊಟ್ಟವನು ಅಣ್ಣ. ಅಲ್ಲಿ ತಾನು ಟಿಪ್ಪಣಿ ಬರೆದುಕೊಳ್ಳುತ್ತಿದ್ದ ರೀತಿಯನ್ನು ಫ್ಯಾರಡೆಯೇ ವಿವರಿಸಿದ್ದಾನೆ. ಒಂದೆರಡು ಹಾಳೆಗಳನ್ನು ಮಡಿಸಿ ನಡುವೆ ಹೊಲಿದುಕೊಂಡು, ಮುಂದಿನ ಸಾಲಿನಲ್ಲಿ ಕುಳಿತು, ತೊಡೆಯ ಮೇಲೆ ಟೊಪ್ಪಿಗೆಯನ್ನಿಟ್ಟು, ಟೊಪ್ಪಿಗೆಯ ಮೇಲೆ ಕಾಗದವನ್ನಿಟ್ಟು ಬರೆಯುತ್ತಿದ್ದನು. ಬರೆಯುತ್ತಿದ್ದುದು ಉಪನ್ಯಾಸವನ್ನಲ್ಲ, ಮುಖ್ಯವಾದ ಪದಗಳು, ಚಿಕ್ಕವಾದರೂ ತೂಕವುಳ್ಳ ವಾಕ್ಯಗಳು, ಪ್ರಯೋಗಗಳ ಹೆಸರುಗಳು, ಪದಾರ್ಥಗಳ ಹೆಸರುಗಳು, ಇಷ್ಟೇ. ಉಳಿದ ಹೊತ್ತೆಲ್ಲ ಕೇಳುವುದಕ್ಕೂ ನೋಡುವುದಕ್ಕೂ ಮೀಸಲು. ಮನೆಗೆ ಬಂದೊಡನೆ ಮೊದಲನೆಯ ಟಿಪ್ಪಣಿಯಿಂದ ಎರಡನೆಯದನ್ನು ತೆಗೆಯುವುದು. ಅದು ಮೊದಲನೆಯದಕ್ಕಿಂತ ವಿಸ್ತಾರವಾಗಿ, ಒಂದಕ್ಕೊಂದು ಸಂಬಂಧವುಳ್ಳದ್ದಾಗಿ, ಓದಲು ಬರುವಂತೆ ಇರುವುದು. ಆಮೇಲೆ ಇವೆರಡರ ಸಹಾಯದಿಂದ ಉಪನ್ಯಾಸವನ್ನು ಪೂರ್ತಿಯಾಗಿ ತನ್ನ ಮಾತಿನಲ್ಲಿ ಬರೆಯುವುದು. ಕೊನೆಗೆ ಅಚ್ಚುಕಟ್ಟಾದ ಪ್ರತಿ. ಉಪಕರಣಗಳ ಚಿತ್ರಗಳನ್ನು ಸರಿಯಾಗಿ ಬರೆಯಬೇಕೆಂದು, ರೀಬೋ ಮನೆಯಲ್ಲಿ ಬಾಡಿಗೆಗಿದ್ದ ಒಬ್ಬ ಫ್ರೆಂಚ್ ಚಿತ್ರಗಾರನಿಂದ ಚಿತ್ರಕಲೆಯ ಪಾಠವನ್ನೂ ಹೇಳಿಸಿಕೊಂಡನು. ಹೀಗೆ ಬರೆದ ಟೇಟಮ್ಮರ ಉಪನ್ಯಾಸಗಳು ನಾಲ್ಕು ಸಂಪುಟಗಳಾದುವು. ಅವುಗಳನ್ನು ಕಟ್ಟಿದವನೂ ತಾನೇ. ಅರ್ಪಿಸಿದುದು ತನ್ನ ಯಜಮಾನನಿಗೆ.

ರೀಬೋ ಹೆಮ್ಮೆಯಿಂದ ಆ ಸಂಪುಟಗಳನ್ನು ಅಂಗಡಿಗೆ ಬರುತ್ತಿದ್ದ ಡಾನ್ಸ್ ಎಂಬ ಮಹನೀಯರಿಗೆ ತೋರಿಸಿದನು. ಡಾನ್ಸರು ಸಂತೋಷಪಟ್ಟು, ಆಗ ಲಂಡನ್ನಿನಲ್ಲಿ ಕೀರ್ತಿಯ ಶಿಖರದಲ್ಲಿದ್ದ ಹಂಫ್ರಿ ಡೇವಿಯವರು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1812ರಲ್ಲಿ ಮಾಡಿದ ನಾಲ್ಕು ಉಪನ್ಯಾಸಗಳಿಗೆ ಹುಡುಗನಿಗೆ ಪ್ರವೇಶಪತ್ರಗಳನ್ನು ಕೊಟ್ಟರು. ನಾಲ್ಕು ಉಪನ್ಯಾಸಗಳಿಂದ ಫ್ಯಾರಡೆಯು ಮುನ್ನೂರಕ್ಕೂ ಹೆಚ್ಚು ಪುಟಗಳ ಗ್ರಂಥವನ್ನು ಬರೆದು, ಚಿತ್ರಗಳನ್ನು ಹಾಕಿ, ಕಟ್ಟಿ, ಆ ವರ್ಷದ ಡಿಸೆಂಬರಿನಲ್ಲಿ ಡೇವಿಯವರಿಗೆ ಕಳುಹಿಸಿ, ವಿಜ್ಞಾನದ ಸೇವೆಯಲ್ಲಿ ಏನಾದರೂ ಕೆಲಸವನ್ನು ಕೊಡಬೇಕೆಂದು ಬೇಡಿಕೊಂಡನು. ಕೆಲವೇ ದಿನಗಳಲ್ಲಿ ಡೇವಿಯವರ ಆದರದ ಉತ್ತರ ಬಂದಿತು. 1813ನೆಯ ಮಾರ್ಚಿ 1ರಂದು ಅವನು ಅಲ್ಲಿ ಸಹಾಯಕನಾಗಿ ನೇಮಕವಾದನು. ವಿದ್ಯುತ್ತಿನ ಯಂತ್ರಗಳಿಗೆಲ್ಲ ಮೂಲವಾದ ತತ್ತ್ವವನ್ನು 1831ರಲ್ಲಿ ಲೋಕಕ್ಕೆ ಕೊಟ್ಟವನು ವಿಜ್ಞಾನದ ಬಾಗಿಲನ್ನು ತೆರೆದುದು ಪದವಿಯಿಂದಲ್ಲ, ಶಿಫಾರಸಿನಿಂದಲೂ ಅಲ್ಲ. ಒಂದು ಟಿಪ್ಪಣಿ ಪುಸ್ತಕದಿಂದ.

ಡೇವಿಯವರಿಗೆ ತಮ್ಮ ಉಪನ್ಯಾಸದ ನಕಲಿನಿಂದ ಆಗಬೇಕಾದುದೇನೂ ಇರಲಿಲ್ಲ. ಅವರು ಅಲ್ಲಿ ಕಂಡುದು ತಮ್ಮ ಮಾತನ್ನಲ್ಲ. ಅದನ್ನು ಕೇಳಿದವನ ಬುದ್ಧಿಯನ್ನು. ಮೂರು ಸಲ ಬರೆದು ಬರೆದು ಇನ್ನೊಬ್ಬರ ವಿದ್ಯೆಯನ್ನು ತನ್ನದನ್ನಾಗಿ ಮಾಡಿಕೊಂಡ ಶ್ರಮವು ಪುಟಪುಟದಲ್ಲಿಯೂ ಕಾಣುತ್ತಿದ್ದಿರಬೇಕು. ಕಿರ್ದಿಯಿಂದ ಖಾತೆಗೆ ಎತ್ತುವ ರಾತ್ರಿಯ ಕೆಲಸವೇ ನಿಜವಾದ ಕಲಿಕೆ. ಫ್ಯಾರಡೆಯು ಇದನ್ನು ಮುಪ್ಪಿನವರೆಗೂ ಬಿಡಲಿಲ್ಲ. 1832ರಿಂದ ತನ್ನ ಪ್ರಯೋಗಗಳ ದಿನಚರಿಯಲ್ಲಿ ಒಂದೊಂದು ಕಂಡಿಕೆಗೂ ಸಂಖ್ಯೆಯನ್ನು ಹಾಕುತ್ತ ಬಂದು 1860ರಲ್ಲಿ 16,041ಕ್ಕೆ ನಿಲ್ಲಿಸಿದನು. ದಿನಚರಿ ಕಾಲಕ್ರಮದಲ್ಲಿಯೇ ಇದ್ದಿತು. ಆದರೆ ಸಂಖ್ಯೆಯಿದ್ದುದರಿಂದ ಯಾವ ವಿಷಯವನ್ನಾದರೂ ಯಾವ ವರ್ಷದಿಂದಲಾದರೂ ಎತ್ತಬಹುದಾಗಿತ್ತು. ಇದು ಖಾತೆಗೆ ಕೈಕೊಟ್ಟು ನಿಂತ ಕಿರ್ದಿ.

ಹಾಗಾದರೆ ಖಾತೆ ಸಿದ್ಧವಾದ ಮೇಲೆ ಕಿರ್ದಿಯನ್ನು ಬಿಸಾಡಬಹುದೆ? ಇದಕ್ಕೆ ಉತ್ತರವಾಗಿ ಎರಡು ನಿದರ್ಶನಗಳನ್ನು ಕೊಡುವೆನು.

ಒಂದು, ನಮ್ಮ ನೆರೆಯ ತಮಿಳುನಾಡಿನದು. ಶ್ರೀನಿವಾಸ ರಾಮಾನುಜನ್ ಅವರು ಕುಂಭಕೋಣದ ಸರ್ಕಾರಿ ಕಾಲೇಜಿನಲ್ಲಿ ಗಣಿತವೊಂದನ್ನೇ ಧ್ಯಾನಿಸುತ್ತ ಇತರ ವಿಷಯಗಳನ್ನು ಕಡೆಗಣಿಸಿ ವಿದ್ಯಾರ್ಥಿವೇತನವನ್ನು ಕಳೆದುಕೊಂಡರು. ಕಾಗದವನ್ನು ಕೊಳ್ಳುವ ಶಕ್ತಿ ಸಾಲದೆ ಅವರು ಲೆಕ್ಕಗಳನ್ನು ಸ್ಲೇಟಿನ ಮೇಲೆ ಮಾಡಿ, ಮೊಣಕೈಯಿಂದ ಒರಸಿ, ಬಂದ ಫಲವನ್ನು ಮಾತ್ರ ಪುಸ್ತಕಕ್ಕೆ ಏರಿಸುತ್ತಿದ್ದರು. 1914ರಲ್ಲಿ ಇಂಗ್ಲೆಂಡಿಗೆ ಹೋಗುವ ಮುಂಚೆ ಹೀಗೆ ತುಂಬಿದ ಪುಸ್ತಕಗಳಲ್ಲಿ ಮೂರು ಸಾವಿರಕ್ಕೂ ಮೇಲ್ಪಟ್ಟ ಫಲಗಳಿವೆ. ಸಾಧನೆಗಳು ಬಹಳ ವಿರಳ. ಅವರು 1920ರಲ್ಲಿ ಮೂವತ್ತೆರಡನೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಪುಸ್ತಕಗಳ ಯಥಾಪ್ರತಿಯನ್ನು ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಯವರು 1957ರಲ್ಲಿ ಪ್ರಕಟಿಸಿದರು. ಅಮೆರಿಕದ ಬ್ರೂಸ್ ಬರ್ನ್ಟ್ ಎಂಬ ಗಣಿತಜ್ಞರು ಒಂದೊಂದು ಫಲಕ್ಕೂ ಸಾಧನೆಯನ್ನು ಹುಡುಕಿ ಕೊಟ್ಟ ಐದು ಸಂಪುಟಗಳು 1985ರಿಂದ 1998ರವರೆಗೆ ಹೊರಬಂದುವು. ಅಷ್ಟು ವರ್ಷಗಳ ದುಡಿಮೆಯಾದರೂ ರಾಮಾನುಜನ್ನರು ಆ ಫಲಕ್ಕೆ ಯಾವ ದಾರಿಯಿಂದ ಹೋದರೆಂಬುದನ್ನು ಎಲ್ಲ ಕಡೆಯಲ್ಲಿಯೂ ಹೇಳಲಾರದು. ಖಾತೆ ಉಳಿಯಿತು, ಕಿರ್ದಿ ಸ್ಲೇಟಿನ ಪುಡಿಯೊಡನೆ ಹೋಯಿತು. ಇದು ಆ ಮಹಾಪುರುಷರ ತಪ್ಪಲ್ಲ, ಬಡತನದ ತಪ್ಪು.

ಇನ್ನೊಂದು ನಿದರ್ಶನ ಸ್ವಿಟ್ಜರ್ಲೆಂಡಿನ ಜಿನೀವ ನಗರದ್ದು. ಫೆರ್ಡಿನಾಂಡ್ ದ ಸೊಸ್ಯೂರ್ ಎಂಬ ವಿದ್ವಾಂಸರು ಅಲ್ಲಿ ಸಂಸ್ಕೃತವನ್ನು ಪಾಠ ಹೇಳುತ್ತಿದ್ದರು. 1907ರಿಂದ 1911ರ ಒಳಗೆ ಮೂರು ಆವೃತ್ತಿ ಸಾಮಾನ್ಯ ಭಾಷಾಶಾಸ್ತ್ರವನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟು, 1913ರಲ್ಲಿ ತೀರಿಕೊಂಡರು. ಅವರು ಅದನ್ನು ಗ್ರಂಥವಾಗಿ ಬರೆಯಲಿಲ್ಲ. ಪಾಠಕ್ಕಾಗಿ ಮಾಡಿಕೊಂಡ ಕರಡುಗಳನ್ನು ಸಹ ಆಗಿಂದಾಗ ಹರಿದುಹಾಕುತ್ತಿದ್ದರಂತೆ. ಅವರ ಸಹೋದ್ಯೋಗಿಗಳಾದ ಬಾಲಿ ಮತ್ತು ಸೆಶ್‌ಹೇ ಎಂಬವರು ಹೋಗಿ ಹುಡುಕಿದಾಗ ಮೇಜಿನಲ್ಲಿ ದೊರೆತುದು ಅತ್ಯಲ್ಪ. ಆಗ ಕೈಹಿಡಿದುವು ವಿದ್ಯಾರ್ಥಿಗಳ ಟಿಪ್ಪಣಿ ಪುಸ್ತಕಗಳು! ತಾವು ಆ ಪಾಠಗಳನ್ನು ಕೇಳದೆಯೇ, ಕೇಳಿದವರ ಪುಸ್ತಕಗಳನ್ನು ಹೋಲಿಸಿ ಜೋಡಿಸಿ ಇವರಿಬ್ಬರೂ 1916ರಲ್ಲಿ ಒಂದು ಗ್ರಂಥವನ್ನು ಹೊರತಂದರು. ನಮ್ಮ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದುದೂ ಅದೇ ವರ್ಷ. ಭಾಷೆಯನ್ನು ಕುರಿತ ಇಪ್ಪತ್ತನೆಯ ಶತಮಾನದ ವಿಚಾರವೆಲ್ಲ ಆ ಗ್ರಂಥದ ಋಣದಲ್ಲಿದೆಯೆಂದರೆ ಅತಿಶಯೋಕ್ತಿಯಲ್ಲ. ಹೆಸರಿಲ್ಲದ ಬೆಂಚುಗಳ ಮೇಲೆ ಕುಳಿತು ಬರೆದ ಕೆಲವರು ಹುಡುಗರಿಲ್ಲದಿದ್ದರೆ ಆ ಗುರುವಿನ ಮಾತು ಅವರೊಡನೆಯೇ ಮಣ್ಣಾಗುತ್ತಿತ್ತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸಂಪಾದಕರು ಮೂರು ಆವೃತ್ತಿಯ ಪಾಠಗಳನ್ನು ಒಂದಾಗಿ ಹೆಣೆದು ವಿಷಯಕ್ರಮದಲ್ಲಿ ಇಟ್ಟಿದ್ದರು. ಎಂದರೆ ಖಾತೆಯನ್ನು ಕೊಟ್ಟಿದ್ದರು. ಗುರುಗಳು ಮೊದಲು ಏನನ್ನು ಹೇಳಿದರು, ಆಮೇಲೆ ಏನನ್ನು ಬದಲಾಯಿಸಿದರು, ಎಲ್ಲಿ ತಡವರಿಸಿದರು ಎಂಬುದು ಅದರಲ್ಲಿ ಮರೆಯಾಯಿತು. 1957ರಲ್ಲಿ ರಾಬರ್ಟ್ ಗೊಡೆಲ್ ಎಂಬವರು ಆ ಗ್ರಂಥದ ಹಸ್ತಪ್ರತಿಗಳನ್ನು ಪರಿಶೀಲಿಸಿ ಬರೆದರು. ಮರುವರ್ಷವೇ ಎಮಿಲ್ ಕಾನ್‌ಸ್ಟಾಂಟೆನ್ ಎಂಬ ಹಳೆಯ ವಿದ್ಯಾರ್ಥಿಯ ಪುಸ್ತಕಗಳು ಬೆಳಕಿಗೆ ಬಂದು, ಮೂರನೆಯ ಆವೃತ್ತಿಯ ಅತ್ಯಂತ ವಿಸ್ತಾರವಾದ ದಾಖಲೆಯೆಂದು ಮನ್ನಣೆ ಪಡೆದುವು. ಅಂದಿನಿಂದ ವಿದ್ವಾಂಸರು ಅಚ್ಚಾದ ಗ್ರಂಥದಿಂದ ಹಿಂದಕ್ಕೆ ನಡೆದು ತರಗತಿಯ ಪುಸ್ತಕಗಳಲ್ಲಿ ಗುರುವಿನ ಧ್ವನಿಯನ್ನು ಅರಸುತ್ತಿದ್ದಾರೆ. ಕಾನ್‌ಸ್ಟಾಂಟೆನ್ನನು ತನ್ನ ಪುಸ್ತಕಗಳನ್ನು ತೂಕಕ್ಕೆ ಮಾರಿದ್ದರೆ ಏನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ಈ ಎರಡು ಪುಸ್ತಕಗಳನ್ನು ಒಂದೇ ಹಾಳೆಯಲ್ಲಿ ಸೇರಿಸುವ ಯತ್ನವೂ ನಡೆದಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಾಲ್ಟರ್ ಪಾಕ್ ಎಂಬ ಅಧ್ಯಾಪಕರು 1962ರಲ್ಲಿ ಪ್ರಕಟವಾದ ತಮ್ಮ ಪುಸ್ತಕದ ಮೂಲಕ ಪ್ರಚಾರಕ್ಕೆ ತಂದ ಕ್ರಮದಲ್ಲಿ, ಪುಟದ ಬಲಗಡೆಯ ಅಗಲವಾದ ಭಾಗದಲ್ಲಿ ತರಗತಿಯ ಟಿಪ್ಪಣಿ. ಎಡಗಡೆ ಎರಡೂವರೆ ಅಂಗುಲದ ಅಂಚು ಆಗ ಖಾಲಿ. ಕೆಳಗೆ ಎರಡು ಅಂಗುಲ ಅದೂ ಖಾಲಿ. ಪಾಠ ಮುಗಿದ ಮೇಲೆ ಎಡಗಡೆಯಲ್ಲಿ ಮುಖ್ಯ ಪದಗಳನ್ನೂ ಪ್ರಶ್ನೆಗಳನ್ನೂ ಬರೆದು, ಕೆಳಗೆ ಪುಟದ ಸಾರವನ್ನು ಬರೆಯಬೇಕು. ಬಲಗಡೆ ಕಿರ್ದಿ, ಎಡಗಡೆ ಖಾತೆ. ಆದರೆ ಆ ಖಾಲಿ ಅಂಚನ್ನು ತುಂಬದವನಿಗೆ ಗೆರೆ ಹಾಕಿದ ಪುಟವೂ ಗೆರೆಯಿಲ್ಲದ ಪುಟವೂ ಒಂದೇ.

ಇಂದು ಕರಿಹಲಗೆಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವ ವಾಡಿಕೆ ಬಂದಿದೆ. ಗಾಜಿನ ಹಲಗೆಯ ಮೇಲೆ ಬರೆದು, ಬೇಕಾದ ಪದವನ್ನು ಕ್ಷಣದಲ್ಲಿ ಹುಡುಕುವ ಸೌಲಭ್ಯವೂ ಬಂದಿದೆ. ಲಾಕನು ಕಾಗುಣಿತದ ಮನೆಗಳಿಂದ ಸಾಧಿಸಿದುದನ್ನು ಯಂತ್ರವು ಸುಲಭವಾಗಿ ಮಾಡುತ್ತದೆ. ನಾನು ಇದನ್ನು ಹಳಿಯುವವನಲ್ಲ. ಒಂದು ಮಾತನ್ನು ಮಾತ್ರ ಹೇಳಬೇಕು: ಹುಡುಕಿಕೊಡುವುದು ಬೇರೆ, ಹೊಂದಿಸಿಕೊಳ್ಳುವುದು ಬೇರೆ. ಫ್ಯಾರಡೆಯು ಎರಡನೆಯ ಸಲ ಬರೆದುದು ಹುಡುಕುವ ಅನುಕೂಲಕ್ಕಲ್ಲ. ಕೇಳಿದುದು ತನಗೆ ತಿಳಿದಿದೆಯೋ ಇಲ್ಲವೋ ಎಂದು ನೋಡುವುದಕ್ಕೆ.

ಇಷ್ಟನ್ನೂ ಹೇಳುವ ಅಧಿಕಾರ ನನಗೆ ಬಂದುದು ಪಾಂಡಿತ್ಯದಿಂದಲ್ಲ, ಒಂದು ನಷ್ಟದಿಂದ. ನಾನು ಕಾಲೇಜಿನಲ್ಲಿದ್ದಾಗ ನಮಗೆ ಹಳಗನ್ನಡವನ್ನು ಪಾಠ ಹೇಳುತ್ತಿದ್ದ ಗುರುಗಳೊಬ್ಬರಿದ್ದರು. ಅವರು ಒಂದು ಪದ್ಯಕ್ಕೆ ಒಂದು ಗಂಟೆ ತೆಗೆದುಕೊಂಡರೂ ನಮಗೆ ಬೇಸರವಾಗುತ್ತಿರಲಿಲ್ಲ. ಒಂದು ಮಾತಿನ ಅರ್ಥಕ್ಕೆ ತಮ್ಮ ಊರಿನ ಒಕ್ಕಲಿಗರ ಬಾಯಿಂದ ಸಾಕ್ಷಿಯನ್ನು ತರುತ್ತಿದ್ದರು. ನಿನ್ನೆ ಹೇಳಿದುದು ತಪ್ಪೆಂದು ಇಂದು ನಗುನಗುತ್ತ ಒಪ್ಪಿಕೊಳ್ಳುತ್ತಿದ್ದರು. ನಾನು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೆನು. ಪರೀಕ್ಷೆಯ ರಜೆಯಲ್ಲಿ ಆ ಕಚ್ಚಾ ಪುಸ್ತಕಗಳಿಂದ ಪ್ರಶ್ನೋತ್ತರಗಳ ಕ್ರಮದಲ್ಲಿ ಒಂದು ಚೊಕ್ಕವಾದ ಪ್ರತಿಯನ್ನು ಮಾಡಿ, ಕಚ್ಚಾ ಪುಸ್ತಕಗಳನ್ನು ಅಂಗಡಿಗೆ ಹಾಕಿದೆನು. ಪರೀಕ್ಷೆಯಲ್ಲಿ ಗುಣಗಳು ಚೆನ್ನಾಗಿಯೇ ಬಂದುವು.

ಗುರುಗಳು ಗ್ರಂಥವನ್ನೇನೂ ಬರೆಯಲಿಲ್ಲ. ಅವರು ತೀರಿಕೊಂಡ ಮೇಲೆ, ಶಿಷ್ಯರಾದ ನಾವು ಕೆಲವರು ಸೇರಿ ಅವರ ಪಾಠಗಳನ್ನಾದರೂ ಒಂದು ಸಣ್ಣ ಪುಸ್ತಕವಾಗಿ ತರೋಣವೆಂದುಕೊಂಡೆವು. ನಾನು ನನ್ನ ಚೊಕ್ಕ ಪ್ರತಿಯನ್ನು ತೆಗೆದು ನೋಡಿದೆನು. ಉತ್ತರಗಳೆಲ್ಲ ಇದ್ದುವು, ಯಾವ ಕೈಪಿಡಿಯಲ್ಲಿಯಾದರೂ ದೊರೆಯಬಹುದಾದ ಉತ್ತರಗಳು. ಊರಿನ ಒಕ್ಕಲಿಗನ ಮಾತು ಇರಲಿಲ್ಲ, ನಿನ್ನೆಯ ತಪ್ಪಿಗೆ ಇಂದಿನ ನಗು ಇರಲಿಲ್ಲ, ದಿನಾಂಕವೂ ಇರಲಿಲ್ಲ. ಪರೀ‍ಕ್ಷೆಗೆ ಬೇಡವೆಂದು ನಾನು ಬಿಟ್ಟುದೆಲ್ಲವೂ ಅವರೇ ಆಗಿದ್ದರು. ಉಳಿದ ಮಿತ್ರರ ಪುಸ್ತಕಗಳ ಗತಿಯೂ ನನ್ನವುಗಳ ಗತಿಯೇ ಆಗಿದ್ದಿತು. ಪುಸ್ತಕ ಬರಲಿಲ್ಲ.

ಆದುದರಿಂದ ಈ ವರ್ಷ ಮಕ್ಕಳನ್ನು ಕಾಲೇಜಿಗೆ ಸೇರಿಸುವ ಮಹಾಶಯರಲ್ಲಿ ನನ್ನ ಬಿನ್ನಹ ಇಷ್ಟೇ. ಗೆರೆಯಿರಲಿ ಇಲ್ಲದಿರಲಿ, ವಿಷಯಕ್ಕೆ ಎರಡರಂತೆ ಪುಸ್ತಕಗಳನ್ನು ಕೊಳ್ಳಿರಿ. ಒಂದು ಹೊಲಿದ ಪುಸ್ತಕವಾಗಿರಲಿ. ಅದರ ಹಾಳೆ ಕಿತ್ತುಬರಬಾರದು. ದಿನಾಂಕ, ಪುಟಸಂಖ್ಯೆ ಇವುಗಳಿಲ್ಲದೆ ಅದರಲ್ಲಿ ಒಂದಕ್ಷರವನ್ನೂ ಬರೆಯಬಾರದು. ಇನ್ನೊಂದಕ್ಕೆ ಹಾಳೆಗಳನ್ನು ಸೇರಿಸುವ ಕೋಶವಾದರೂ ಆದೀತು. ಮೊದಲನೆಯದರಿಂದ ಆರಿಸಿ ಎತ್ತಿದುದು ಅಂದಿನ ರಾತ್ರಿಯೇ ಅದಕ್ಕೆ ಬರಬೇಕು. ಎತ್ತಿದ ಪುಟದ ಸಂಖ್ಯೆ ಅದರ ಪಕ್ಕದಲ್ಲಿರಬೇಕು. ಪರೀಕ್ಷೆಗೆ ಎರಡನೆಯದು ಸಾಕು. ಮೊದಲನೆಯದನ್ನು ಮಾತ್ರ, ದಯವಿಟ್ಟು, ತಕ್ಕಡಿಗೆ ಹಾಕಬೇಡಿರಿ.